ಮೂರನೇ ಪಂಜರದ ಇಲಿಗಳು

೧೨ ನವೆಂಬರ್, ಬುಧವಾರ

ಎರಡು ತಿಂಗಳು ಮುಚ್ಚಿಟ್ಟಿದ್ದನ್ನು ಇವತ್ತು ಹೇಳಿಬಿಟ್ಟೆ.

ನಮ್ಮೂರ ಹಳ್ಳಕ್ಕೆ ಕಾರ್ಖಾನೆಯ ಹೊಲಸು ಸೇರುತ್ತದೆ. ಅದರಿಂದ ರೋಗ ಬರುತ್ತದೆಯೇ ಎಂದು ನೋಡಲು ಆ ನೀರನ್ನು ಪ್ರಯೋಗಾಲಯದ ಇಲಿಗಳಿಗೆ ಕುಡಿಸುವುದು ನನ್ನ ಕೆಲಸ. ಮೊದಲ ವಾರವೇ ಮೂರನೇ ಪಂಜರದವು ಮುದುಡಿ ಕೂತಿದ್ದನ್ನು ನೋಡಲಾಗದೆ ಕದ್ದು ನಳದ ನೀರು ಹಾಕತೊಡಗಿದೆ. ಪಟ್ಟಿಯಲ್ಲಿ ಮಾತ್ರ ಹಳ್ಳದ ನೀರೆಂದೇ ಬರೆದೆ.

ಇವತ್ತು ಪ್ರಯೋಗ ನಡೆಸುವ ಅಂಕಿತಾ ಮೇಡಂ ಇಲಿಗಳನ್ನು ಕೊಯ್ದು ನೋಡಿದರು. ಉಳಿದವುಗಳ ಲಿವರ್ ಊದಿ ಹಳದಿಗಟ್ಟಿತ್ತು. ನನ್ನ ಮೂರನೇ ಪಂಜರದವುಗಳದ್ದು ಕೆಂಪಗೆ, ನುಣ್ಣಗೆ.

“ಈ ಆರು ಆರಾಮ ಅದಾವಲ್ಲೋ ರಮೀಜ. ನೀರಿನಿಂದನ ಲಿವರ್ ಕೆಟ್ಟಾವು ಅಂತ ವರದಿ ಹೆಂಗ ಬರೀಲಿ?” ಎಂದರು.

ಆ ನೀರನ್ನು ನನ್ನ ತಂಗಿಯೂ ಕುಡಿಯುತ್ತಾಳೆ.

“ಅವಕ್ಕ ನಾನ ನಳದ ನೀರು ಹಾಕೇನ್ರಿ, ಮೇಡಂ.”

ಅವರು ಕೈಗವಸು ತೆಗೆದರು. “ಇಲಿಗೆ ಮರುಗಿದಿ. ಊರಿಗೆ?”

ಪ್ರಯೋಗ ಮತ್ತೆ ಮೊದಲಿನಿಂದ. ಅದು ಮುಗಿಯುವವರೆಗೆ ಊರಿನವರೆಲ್ಲ ಆ ಹಳ್ಳದ ನೀರನ್ನೇ ಕುಡಿಯಬೇಕು. ನನ್ನ ಕೆಲಸ ಹೋಯಿತು. ನಾಳೆ ನಮ್ಮೂರು ಬಂಕಾಪುರಕ್ಕೆ ಹೊರಡುತ್ತೇನೆ.