ಫೋಟೊದ ಅಂಚಿನಲ್ಲಿ ನಿಂತವಳು

ಆಂದೋಂಗ್
ಶುಕ್ರವಾರ, ನವೆಂಬರ್ ೨೪, ೨೦೨೩

ಹ್ಯೆರಾನ್‌ಗೆ,

ನಾನು ನಾಮ್ ಜೊಮ್ಸುನ್, ಕ್ವೋನ್ ಮನೆತನದ ಹಿರಿಯ ಸೊಸೆ. ನಲವತ್ತಾರು ವರ್ಷ ಈ ಮನೆಯ ಹಿರಿಯರಿಗೆ ಎಡೆಯಿಟ್ಟವಳು. ಒಂದು ಸಲವೂ ಎಡೆಯ ಅನ್ನ ಆರಿರಲಿಲ್ಲ, ಒಂದು ಸಲವೂ ಯಾರಿಂದಲೂ ಅನ್ನಿಸಿಕೊಂಡಿರಲಿಲ್ಲ. ನನ್ನ ಅತ್ತೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಹೈಸ್ಕೂಲು ಮುಗಿಸಿ ಬಂದವಳು. ಈ ಪತ್ರವನ್ನು ಯಾರೂ ಹೇಳಿ ಬರೆಸುತ್ತಿಲ್ಲ. ಇಷ್ಟು ವರ್ಷ ನಿನ್ನನ್ನು ದಾನ್ಬಿಯ ಅಮ್ಮ ಎಂದೇ ಕರೆದೆ. ಇವತ್ತು ನಿನ್ನ ಹೆಸರು ಬರೆಯಲು ಕೈ ತಡೆಯಿತು. ಆದರೂ ಬರೆದೆ.

ದೇಗುವಿನಲ್ಲಿ ನಿನ್ನ ಅಕ್ಕನ ಮನೆಯಲ್ಲಿ ನೀವಿಬ್ಬರೂ ಕ್ಷೇಮವೆಂದು ಭಾವಿಸುತ್ತೇನೆ. ಚಳಿ ಹತ್ತಿದರೆ ದಾನ್ಬಿಗೆ ಕೆಮ್ಮು ಬಿಡುವುದಿಲ್ಲ. ಮರಸೇಬಿನೊಳಗೆ ಜೇನು ತುಂಬಿ ಬೇಯಿಸಿ ಕೊಡು, ಸಿಪ್ಪೆ ತೆಗೆಯಬೇಡ. ಇಲ್ಲಿ ಹಣ್ಣುಗಳನ್ನು ಸುಲಿದು ಒಣಗಲು ಕಟ್ಟಿದ್ದೇನೆ. ನನ್ನ ಮಂಡಿ ಹಾಗೇ ಇದೆ.

ಪತ್ರ ಐವತ್ತೆರಡು ದಿನ ತಡವಾಯಿತು. ಬುಸಾನ್‌ನಿಂದ ಮರಳಿದ ಮಾರನೆಯ ದಿನವೇ ಬರೆಯಲು ಕುಳಿತಿದ್ದೆ. ಅಂದು ಬರೆದಿದ್ದರೆ ಬರೀ ಬೈಗುಳವಿರುತ್ತಿತ್ತು.

ಬುಸಾನ್‌ನಲ್ಲಿ ರಜೆಯ ಕೊನೆಯ ದಿನದ ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು. ಮೀನಿನ ಸಂತೆಯಲ್ಲಿ ಸುಟ್ಟ ಮೀನಿನ ಮುಳ್ಳು ಬಿಡಿಸಿ ನೀನು ನನ್ನ ಅನ್ನದ ಮೇಲೆ ಇಡುತ್ತಿದ್ದೆ. ಅಂಗಡಿಯ ಹೆಂಗಸು ನೋಡಿ, "ಪುಣ್ಯ ಮಾಡಿದೀರಿ ಅಜ್ಜಿ. ನನ್ ಸೊಸೆ ಮುಳ್ಳು ಬಿಡ್ಸೋದಿರ್ಲಿ, ಮೀನನ್ನೇ ಬಿಡಲ್ಲ" ಎಂದಳು. ನಾನು ತಿದ್ದಿ ಬೆಳೆಸಿದ ಸೊಸೆ ಎಂದು ಹೇಳಿಕೊಂಡೆ. ನೀನು ತಲೆ ಎತ್ತಲಿಲ್ಲ.

ಆಮೇಲೆ ಸೋಂಗ್ದೊ ಕಡಲ ಮೇಲಿನ ಕಾಲುಸೇತುವೆಗೆ ಹೋದೆವು. ಮೊದಲ ಎರಡು ದಿನ ಫೋಟೊ ತೆಗೆಯುವವಳು ನೀನೇ ಆಗಿದ್ದೆ, ಒಂದರಲ್ಲೂ ನೀನಿರಲಿಲ್ಲ. ಹಿರಿಯ ಸೊಸೆ ಇಲ್ಲದ ಫೋಟೊ ಗೋಡೆಗೆ ಹಾಕಲು ಬರುವುದಿಲ್ಲ ಎಂದು ನಾನೇ ಹಟ ಹಿಡಿದೆ. ಮಗ ಸಾಂಗುಕ್ ಯಾರೋ ಹುಡುಗನ ಕೈಗೆ ಮೊಬೈಲು ಕೊಟ್ಟ. ನಾನು, ನನ್ನ ಮಗ, ಅವನ ಪಕ್ಕ ದಾನ್ಬಿ. ನೀನು ಬಂದು ಎಲ್ಲರಿಗಿಂತ ಆಚೆ, ಒಂದು ಗೇಣು ಜಾಗ ಬಿಟ್ಟು ನಿಂತೆ.

ಆ ಜಾಗ ನನಗೆ ಗೊತ್ತಿತ್ತು. ಹತ್ತು ವರ್ಷದ ಹಿಂದೆ, ನನ್ನ ಅರವತ್ತರ ಫೋಟೊ ತೆಗೆಯುವಾಗ, ನೀನು ಇನ್ನೂ ಮಾತುಕತೆಯಾದ ಹುಡುಗಿ. ನಿನಗೆ ಕೇಳುವಂತೆಯೇ ಫೋಟೊದವನಿಗೆ ಹೇಳಿದ್ದೆ: "ಹುಡುಗೀನ ಅಂಚಿಗೆ ನಿಲ್ಸಪ್ಪ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕತ್ತರ್ಸೋಕೆ ಸುಲಭ." ಎಲ್ಲರ ಮನೆಯಲ್ಲೂ ಹಾಗೇ ನಿಲ್ಲಿಸುತ್ತಾರೆ. ಎಲ್ಲರೂ ನಕ್ಕರು, ನೀನೂ ನಕ್ಕೆ.

ಸೇತುವೆಯ ಮೇಲೆ ನಾನು ಒಳಗೆ ಬಾ ಎಂದೆ.

"ಇಲ್ಲೇ ಇರ್ತೀನಿ ಅತ್ತೆ. ನಿಮಗೇ ಸುಲಭ."

ಫೋಟೊ ಆದ ಮೇಲೆ ಮಗುವನ್ನು ತಿಂಡಿ ಕೊಳ್ಳಲು ಕಳಿಸಿ ನೀನೇ ಎಲ್ಲ ಹೇಳಿದೆ. ವಿಚ್ಛೇದನಕ್ಕೆ ಇಬ್ಬರೂ ಆಗಸ್ಟ್‌ನಲ್ಲೇ ಅರ್ಜಿ ಹಾಕಿದ್ದೀರಿ. ನನ್ನ ಎಪ್ಪತ್ತರ ವರ್ಷ ಕೆಡಬಾರದೆಂದು ನೀನು ಪ್ರವಾಸಕ್ಕೆ ಬಂದೆ. ಅವನು ಕುಡಿದಾಗ ಕೈ ಎತ್ತುತ್ತಾನೆ. ಸಾಂಗುಕ್ ನನ್ನನ್ನು ಪಕ್ಕಕ್ಕೆ ಕರೆದು, "ನಂಗೀಗ ವಿಚ್ಛೇದನ ಬೇಡ. ನೀನು ಒಂದ್ ಮಾತು ಹೇಳಿದ್ರೆ ಅವಳು ಎದುರಾಡಲ್ಲ ಅಮ್ಮ. ಅದಕ್ಕೇ ತಾನೆ ನಾನು ಎಲ್ರನ್ನೂ ಹೊರಡ್ಸಿದ್ದು" ಎಂದ.

ನಾನು ಒಂದಲ್ಲ, ಹತ್ತು ಮಾತು ಹೇಳಿದೆ. ಈ ಮನೆಗೆ ಬಂದ ಸೊಸೆ ಸತ್ತರೂ ಈ ಮನೆಯ ದೆವ್ವವಾಗಿಯೇ ಇರಬೇಕು ಎಂದೆ. ಇಷ್ಟು ವರ್ಷ ನನ್ನಿಂದ ಬಚ್ಚಿಟ್ಟು ಈಗ ಕೋರ್ಟಿಗೆ ಹೇಳುತ್ತೀಯಾ ಎಂದೆ. "ಹೇಳಿದ್ದೆ ಅತ್ತೆ" ಎಂದೆ ನೀನು. ಸುಳ್ಳಿ ಎಂದೆ ನಾನು. ಅಷ್ಟರಲ್ಲಿ ದಾನ್ಬಿ ತಿಂಡಿ ಚುಚ್ಚಿದ ಕಡ್ಡಿ ಹಿಡಿದು ಹಿಂದೆ ಬಂದು ನಿಂತಿದ್ದಳು. ಊರು ತಲುಪಿದ ಮೇಲೆ ನೀನು ಮಗುವನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆ.

ಅಷ್ಟಾದರೂ ಆ ಫೋಟೊವನ್ನು ದೊಡ್ಡದು ಮಾಡಿಸಿದೆ. ಗೋಡೆಗೆ ಹಾಕಿದರೆ ನೀನು ದೂರವಾಗಲಾರೆ ಎನ್ನಿಸಿತ್ತೋ ಏನೋ. ಕನ್ನಡಕ ಹಾಕಿಕೊಂಡು ನೋಡಿದೆ. ಗಾಳಿಗೆ ದಾನ್ಬಿಯ ಟೋಪಿ ಹಾರುತ್ತಿತ್ತು. ಅದನ್ನು ಸರಿಪಡಿಸಲು ಸಾಂಗುಕ್ ಕೈ ಎತ್ತಿದ್ದ. ಮಗು ಭುಜ ಕುಗ್ಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತ್ತು. ಅವನ ಇನ್ನೊಂದು ಪಕ್ಕದಲ್ಲಿ ನಾನು ನಗುತ್ತಿದ್ದೆ.

ಕೋರ್ಟಿನ ಮೊದಲ ದಿನಾಂಕಕ್ಕೆ ಅವನು ಬೇಕೆಂದೇ ಬರಲಿಲ್ಲ. ಎರಡನೆಯದನ್ನೂ ತಪ್ಪಿಸಿದರೆ ಅರ್ಜಿ ತಾನಾಗಿ ಬಿದ್ದುಹೋಗುತ್ತದೆ, ಆಮೇಲೆ ಅವಳೇ ಬರುತ್ತಾಳೆ ಎಂದು ಊಟ ಮಾಡುತ್ತ ನನಗೆ ಹೇಳಿದ. ನಾನು ತಟ್ಟೆ ಸರಿಸಿ ಫೋಟೊ ಇಟ್ಟೆ. ತುಂಬ ಹೊತ್ತು ನೋಡಿದ.

"ಟೋಪಿ ಸರಿ ಮಾಡ್ತಿದ್ದೆ ಅಮ್ಮ."

"ನಂಗೊತ್ತು. ಮಗೂಗೆ ಗೊತ್ತಿರ್ಲಿಲ್ಲ."

ನಿನ್ನೆ ಕೋರ್ಟಿಗೆ ಅವನು ತಾನಾಗಿ ಬಂದನೆಂದು ನೀನು ತಿಳಿದಿರಬಹುದು. ನಾನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಬಂದೆ. ನೀವು ಹೊರಬರುವವರೆಗೆ ಗೇಟಿನ ಎದುರೇ ಇದ್ದೆ. ನೀನು ಮೆಟ್ಟಿಲ ಮೇಲೆ ನಿಂತು ಕೋಟಿನ ಗುಂಡಿ ಹಾಕಿಕೊಂಡೆ, ಒಂದು ಗುಂಡಿ ತಪ್ಪಾಗಿ. ಟ್ಯಾಕ್ಸಿಯಿಂದ ಇಳಿದು ಬರಲು ನನಗೆ ಮುಖವಿರಲಿಲ್ಲ. ಅಲ್ಲಿಂದ ಅವನನ್ನು ನೇರ ನೋಂದಣಿ ಕಚೇರಿಗೆ ಕರೆದೊಯ್ದು ಕೋರ್ಟಿನ ಕಾಗದವನ್ನೂ ಕೊಡಿಸಿದೆ, ವಿಚ್ಛೇದನ ದಾಖಲಾಯಿತು. ಇನ್ನು ನಿನ್ನನ್ನು ಕರೆಯಲು ಯಾರೂ ಬರುವುದಿಲ್ಲ.

ಹೊಸ ವರ್ಷದ ಎಡೆಗೆ ನೀನು ಬರಬೇಕಾಗಿಲ್ಲ. ದಾನ್ಬಿಗೆ ಬರಬೇಕೆನಿಸಿದರೆ ಬಸ್‌ ನಿಲ್ದಾಣಕ್ಕೆ ನಾನೇ ಬರುತ್ತೇನೆ. ನಿನ್ನ ಕೈ ಅಡುಗೆ ನಿನ್ನ ಹೊಟ್ಟೆಗೂ ಸೇರಲಿ, ನಿನ್ನ ಮನೆಯ ನೆಲ ಬೆಚ್ಚಗಿರಲಿ, ಮಗು ಎತ್ತರಕ್ಕೆ ಬೆಳೆಯಲಿ.

ನಾಮ್ ಜೊಮ್ಸುನ್

ಇನ್ನೊಂದು ಮಾತು: ಬುಸಾನ್‌ನಲ್ಲಿ ಸುಳ್ಳಿ ನಾನು. ಆರು ವರ್ಷದ ಹಿಂದೆ, ನಿನ್ನ ಮಾವನವರ ವರ್ಷದ ಎಡೆಯ ಹಿಂದಿನ ದಿನ, ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಮೀನಿನ ಹೋಳು ಕರಿಯುತ್ತ ನೀನು, "ಅತ್ತೆ, ಅವ್ರು ಕೈ ಮಾಡ್ತಾರೆ" ಎಂದೆ. ನಾನು ನಲ್ಲಿ ಜೋರಾಗಿ ಬಿಟ್ಟು, ನೀರಿನ ಸದ್ದಿಗೆ ಏನೂ ಕೇಳಿಸಲಿಲ್ಲ ಎಂದೆ. ನೀನು ಮತ್ತೆ ಹೇಳಲಿಲ್ಲ. ಹ್ಯೆರಾನ್, ನನಗೆ ಕೇಳಿಸಿತ್ತು. ಇವತ್ತು ಬೆಳಿಗ್ಗೆ ಸಾಂಗುಕ್‌ನನ್ನೂ ಅವನ ಇಬ್ಬರು ಚಿಕ್ಕಪ್ಪಂದಿರನ್ನೂ ಎದುರಿಗೆ ಕೂರಿಸಿಕೊಂಡು ಇದನ್ನು ಹೇಳಿದ್ದೇನೆ.