ಚಪ್ಪಲಿ ಬಿಟ್ಟು ಒಳಗೆ ಹೋದವಳು

ತೊಣ್ಣೂರು
೧೨ ಜುಲೈ ೨೦೨೫

ಪ್ರೀತಿಯ ಮಗ ಲೋಕೇಶನಿಗೆ,

ನಿನ್ನ ಅಮ್ಮ ಅಣ್ಣಮ್ಮ ಮಾಡುವ ಆಶೀರ್ವಾದ. ಸೊಂಟದ ನೋವು ಹೇಗಿದೆಯಪ್ಪ? ಜೋಧಪುರದ ಬಿಸಿಲಲ್ಲಿ ಪಹರೆ ನಿಲ್ಲುವವನು ಹೊಟ್ಟೆ ತುಂಬ ಉಣ್ಣುತ್ತಿದ್ದೀಯೋ, ಬರೀ ಚಪಾತಿಯಲ್ಲೇ ದಿನ ತಳ್ಳುತ್ತಿದ್ದೀಯೋ? ನಾವೆಲ್ಲ ಚೆನ್ನಾಗಿದ್ದೇವೆ. ಸೀಮೆಹಸು ಹೆಣ್ಣುಕರು ಹಾಕಿದೆ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ನಿನ್ನ ಮಗಳು ರಂಜಿತಳ ವಿಷಯ. ಒಂಬತ್ತನೇ ಕ್ಲಾಸಿನಲ್ಲಿ ಮಾರ್ಕ್ಸು ಕಮ್ಮಿ ಬಂತೆಂದು "ಪಿಯುಸಿಗೆ ಸೈನ್ಸು ಬ್ಯಾಡ, ನಿನ್ ತಲೆಗೆ ಅತ್ತಲ್ಲ" ಎಂದುಬಿಟ್ಟೆಯಲ್ಲ, ಅವತ್ತಿನಿಂದ ನಿನ್ನ ಫೋನು ಬಂದರೆ ಸಾಕು, ಹುಡುಗಿ ಕೊಟ್ಟಿಗೆ ಸೇರಿಕೊಳ್ಳುತ್ತಾಳೆ.

ಮೊನ್ನೆ ಸ್ಕೂಲಿನಲ್ಲಿ ಪೋಷಕರ ಸಭೆ ಇತ್ತು. ವಿಜ್ಞಾನದ ಮಹದೇವಸ್ವಾಮಿ ಮೇಷ್ಟ್ರು, ಗಾಣದೆತ್ತಿಗೆ ಕಣ್ಣು ಕಟ್ಟಿದ ಹಾಗೆ ಮಕ್ಕಳಿಗೆ ದಪ್ಪ ಕನ್ನಡಕ ಕಟ್ಟಿದರು. ವಿಆರ್ ಅಂತೆ. ಅದರೊಳಗೆ ಒಂದು ಊರು, ಕೆರೆ, ಬೀದಿಗಳು. ಒಂದೇ ಬೀದಿಯ ಮಕ್ಕಳಿಗೆ ವಾಂತಿಭೇದಿ. ಯಾಕೆಂದು ಇವರು ಹುಡುಕಬೇಕು. ಅವರು ಕಂಡದ್ದೆಲ್ಲ ಗೋಡೆಯ ಟಿವಿಯಲ್ಲಿ ನಮಗೂ ಕಾಣುತ್ತಿತ್ತು. ಮಿಕ್ಕವರೆಲ್ಲ ದಡಬಡನೆ ಕೆರೆಗೆ ಹೋಗಿ ನೀರು ತುಂಬಿಕೊಂಡರು. ನಿನ್ನ ಮಗಳು ಒಂದು ಮನೆಯ ಬಾಗಿಲಿಗೆ ಹೋಗಿ, ಅಯ್ಯೋ ಶಿವನೇ, ಕ್ಲಾಸಿನ ನಡುವೆ ತನ್ನ ಕಾಲಿನ ನಿಜವಾದ ಚಪ್ಪಲಿ ಬಿಟ್ಟಳು! ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಅವಳು ಕ್ಯಾರೇ ಅನ್ನಲಿಲ್ಲ. ಒಳಗಿದ್ದ ಬೊಂಬೆಮುದುಕಿಯನ್ನು "ಸಂದಾಕಿದ್ದೀರಾ ಅಜ್ಜಿ? ಮೊಮ್ಮಕ್ಳು ಉಂಡ್ವಾ?" ಎಂದು ಕೇಳಿದಳು. ಆಗ ಬೊಂಬೆ ಬಾಯಿಬಿಟ್ಟಿತು: ಕೆರೆಯ ನೀರನ್ನು ಇಲ್ಲಿ ಯಾರೂ ಕುಡಿಯುವುದೇ ಇಲ್ಲ, ನಲ್ಲಿಯ ಪೈಪು ಒಡೆದ ಮೇಲೆ ಮಕ್ಕಳು ಹಾಸಿಗೆ ಹಿಡಿದವು ಎಂದಿತು. ಅಷ್ಟಕ್ಕೇ ನಂಬಿದಳೇ? ಇಲ್ಲ. ಪಕ್ಕದ ಬೀದಿಯಲ್ಲೂ ಕೇಳಿದಳು, ಎರಡೂ ಕಡೆಯ ನಲ್ಲಿ ನೀರು ತಂದು ಪರೀಕ್ಷೆ ಮಾಡಿದಳು, ಈ ಬೀದಿಯದರಲ್ಲಿ ಮಾತ್ರ ಕೊಳಕು ಸಿಕ್ಕಿದ ಮೇಲಷ್ಟೇ ಒಡೆದ ಪೈಪಿನಿಂದ ಬಂದ ರೋಗ ಎಂದಳು. ಮೇಷ್ಟ್ರು ನನ್ನ ಕಡೆ ತಿರುಗಿ "ವಿಜ್ಞಾನ ಅಂದ್ರೆ ಇದೇ ಕಣಮ್ಮ" ಎಂದಾಗ ನನಗೆ ಅಳು ಬಂತು. ಮಾರ್ಕ್ಸ್ ಕಾರ್ಡಿನಲ್ಲಿ ಇದಕ್ಕೆ ಜಾಗವಿಲ್ಲವಂತೆ.

ನಿನ್ನ ಹೆಂಡತಿ ಡೇರಿಗೆ ಹಾಲು ಹಾಕಲು ಹೋಗಿದ್ದಾಳೆ. ಬರೀ ಮಾರ್ಕ್ಸ್ ನೋಡಿ ಮಗಳನ್ನು ಅಳೆಯಬೇಡ ಎಂಬುದೇ ಅವಳ ಮಾತೂ. ನಂಬಿನಾರಾಯಣ ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ,
ನಿನ್ನ ಅಮ್ಮ

ಇನ್ನೊಂದು ಮಾತು: ಭಾನುವಾರ ಫೋನು ಮಾಡು, ಅವಳ ಕೈಗೇ ಕೊಡಿಸುತ್ತೇನೆ. ನೀನು ಬಾಯಿ ತೆರೆದರೆ ಮೊದಲು "ಮಾರ್ಕ್ಸ್ ಎಷ್ಟು?" ಎನ್ನುತ್ತೀಯ. ಬೊಂಬೆಗೂ ಕ್ಷೇಮ ಕೇಳಿದ ಹುಡುಗಿ ಅವಳು. ಈ ಸಲ ಮೊದಲು "ಸಂದಾಕಿದ್ದೀಯಾ, ಮಗಾ?" ಅನ್ನು. ಆಮೇಲೆ ಏನು ಓದಬೇಕು ಅಂತಿದ್ದೀಯ ಎಂದು ಕೇಳು. ಕೇಳಿ, ಸುಮ್ಕಿರು ಕಣ್ಲಾ.