ತಾತ್ಕಾಲಿಕವಾದ ಐದು ಸಾವಿರ ಅಡಿ

ಹದ್ದಿನಕಲ್ಲು,
ಫೆಬ್ರವರಿ ೩೦, ೨೩೮೬

ಮುನ್ನೂರೈವತ್ತು ವರ್ಷಗಳ ಹಿಂದಿನ ಪೈಲಟ್‌ಗಳಿಗೂ, ಅವರಿಗೆ ನಕ್ಷೆ ಬರೆದುಕೊಟ್ಟ ಮಹನೀಯರಿಗೂ ಸಾವಂತ್ರವ್ವನ ನಮಸ್ಕಾರ.

ದಿನಾಂಕ ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳಿಗೆ ತಿಂಗಳೇ ಇಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ವಿಮಾನ ನಮಗೆ ಬಾನಬಂಡಿ. ಬಂಡಿ ನೆಲ ಬಿಟ್ಟಮೇಲೆ ಎಲ್ಲಿ ತಿರುಗಬೇಕು, ಎಲ್ಲಿ ಎಷ್ಟು ಎತ್ತರದಲ್ಲಿರಬೇಕು ಎಂದು ತೋರಿಸುವ ನಿಮ್ಮ ನಿರ್ಗಮನ ನಕ್ಷೆ ನಮಗೆ ಏಣಿಪಟ. ಹೆಸರು ಬದಲಾಗಿದೆ, ನಕ್ಷೆ ಬದಲಾಗಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ನಮ್ಮ ಕಾಲದಲ್ಲಿ ಬಾನಬಂಡಿ ದೊಡ್ಡಸ್ತಿಕೆಯ ವಸ್ತುವಲ್ಲ. ಮೊಸರಿನ ಗಡಿಗೆ ಹೊತ್ತವರು, ಶಾಲೆಯ ಮಕ್ಕಳು, ಬೀಗರ ಮನೆಗೆ ಹೊರಟವರು ಎಲ್ಲರೂ ಅದರಲ್ಲೇ ಹೋಗುತ್ತಾರೆ. ತಡವಾದರೆ ಮೊಸರು ಹುಳಿಯಾಗುತ್ತದೆಂದು ಪೈಲಟ್‌ಗಳನ್ನು ಬೈಯುತ್ತಾರೆ. ನಾನೂ ನನ್ನ ತಂಗಿ ನೀಲವ್ವನೂ ಹಾಗೆ ಬೈಸಿಕೊಂಡೇ ಬಂಡಿ ನಡೆಸಿದವರು.

ನಮ್ಮ ಏಣಿಪಟದಲ್ಲಿ ನಿಮ್ಮ ಕಾಲದ ಒಂದು ಸಾಲಿದೆ: ಹದ್ದಿನಕಲ್ಲು ದಾಟುವವರೆಗೆ ಐದು ಸಾವಿರ ಅಡಿಗಿಂತ ಮೇಲೇರಬಾರದು. ಪಕ್ಕದ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಆಗ ಆ ಎತ್ತರಕ್ಕಿಂತ ಮೇಲೆ ಹಾಯುತ್ತಿದ್ದವಂತೆ. ಆ ನಿಲ್ದಾಣದಲ್ಲಿ ಈಗ ಜೋಳ ಬೆಳೆಯುತ್ತಾರೆ. ಸಾಲು ಮಾತ್ರ ಉಳಿದಿದೆ, ಪಕ್ಕದಲ್ಲಿ ನೀವೇ ಬರೆದ ‘ತಾತ್ಕಾಲಿಕ’ ಎಂಬ ಪದದ ಸಮೇತ. ಸಾಲು ಸೇರಿಸುವವನು ಸಹಿ ಹಾಕಬೇಕಿಲ್ಲ, ಅಳಿಸುವವನು ಹಾಕಬೇಕು. ಬೆಕ್ಕಿಗೆ ಗಂಟೆ ಕಟ್ಟಲು ಇಷ್ಟು ತಲೆಮಾರುಗಳಲ್ಲಿ ಒಬ್ಬರೂ ಮುಂದೆ ಬರಲಿಲ್ಲ.

ಬಂಡಿ ಏರುತ್ತಿರುವಾಗ, ಬಂಡಿಗಳಿಗೆ ದಾರಿ ಹೇಳುವ ನಿಲ್ದಾಣದ ಗೋಪುರದಿಂದ ‘ಒಂಬತ್ತು ಸಾವಿರಕ್ಕೆ ಏರಿ’ ಎಂಬ ಮಾತು ಬರುತ್ತದೆ. ಹಾಗಂದರೆ ಐದು ಸಾವಿರದ ತಡೆ ರದ್ದಾಯಿತೇ, ಅಥವಾ ಹದ್ದಿನಕಲ್ಲು ದಾಟಿದ ಮೇಲೆಯೇ ಏರಬೇಕೇ? ಅರ್ಧ ಜನ ಹೀಗೆನ್ನುತ್ತಾರೆ, ಅರ್ಧ ಜನ ಹಾಗೆ. ಗೋಪುರವನ್ನೇ ಕೇಳಬಹುದಲ್ಲ ಎನ್ನುತ್ತೀರಿ. ನಮ್ಮ ಪೈಲಟ್‌ಗಳಲ್ಲಿ ಒಂದು ಪದ್ಧತಿಯಿದೆ. ಗೋಪುರವನ್ನು ಮರಳಿ ಕೇಳಿದವರು ಸಂಜೆ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಬೇಕು. ಭಜಿ ಏನು ಮಹಾ. ಜೊತೆಗೆ ಬಡಿಸುವ ನಗೆಯೇ ಖಾರ.

ಕೆಲ ವರ್ಷಗಳ ಹಿಂದೆ ಒಂದು ವಾರ ನೀಲವ್ವ ಆಗಲೇ ಒಮ್ಮೆ ಭಜಿ ಕೊಡಿಸಿದ್ದಳು. ‘ಅಕ್ಕಾವ್ರಿಗೆ ಕಿವಿ ಮಂದ ಆಗ್ಯಾವು’ ಎಂದು ಎಲ್ಲರೂ ನಕ್ಕಿದ್ದರು. ಅದೇ ವಾರ ಎರಡನೆಯ ಸಲ ‘ಒಂಬತ್ತು ಸಾವಿರಕ್ಕೆ ಏರಿ’ ಎಂಬ ಮಾತು ಬಂದಾಗ ಅವಳು ಕೇಳಲಿಲ್ಲ. ಏಣಿಪಟವನ್ನು ನಂಬಿ ಐದು ಸಾವಿರದಲ್ಲೇ ನಿಂತಳು. ತಡೆ ರದ್ದಾಯಿತೆಂದೇ ತಿಳಿದಿದ್ದ ಗೋಪುರದವರು, ಅವಳು ಮೇಲೇರಿರುತ್ತಾಳೆಂದು ಅದೇ ಐದು ಸಾವಿರದಲ್ಲಿ ಇನ್ನೊಂದು ಬಂಡಿಯನ್ನು ಅಡ್ಡ ಬಿಟ್ಟರು. ಎರಡರಲ್ಲೂ ಯಾರೂ ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಗೋಪುರದ ಮಾತು ಸರಿ, ಏಣಿಪಟವೂ ಸರಿ, ಕೇಳದೆ ಇದ್ದ ಪೈಲಟ್ ತಪ್ಪು ಎಂದು ತೀರ್ಪಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸನ್ನೇ ಅಪರಾಧಿ ಮಾಡಿದರು. ಆಮೇಲೆ ಏಣಿಪಟಕ್ಕೆ ಇನ್ನೊಂದು ಸಾಲು ಸೇರಿಸಿದರು: ಸಂದೇಹವಿದ್ದರೆ ಕೇಳಿ. ಐದು ಸಾವಿರದ ಸಾಲನ್ನು ಅಳಿಸಲಿಲ್ಲ. ಭಜಿಯ ಪದ್ಧತಿಯನ್ನೂ ನಿಲ್ಲಿಸಲಿಲ್ಲ. ನನಗೆ ಆ ಜನರ ಮುಖ ನೋಡಲು ಇಂದಿಗೂ ಮನಸ್ಸಾಗುವುದಿಲ್ಲ.

ನಿಮ್ಮಲ್ಲಿ ಬೇಡುವುದು ಇಷ್ಟೇ. ತಡೆ ಹಾಕುವಾಗ ಅದು ಏಕೆ, ಎಲ್ಲಿಯವರೆಗೆ ಎಂದು ಪಕ್ಕದಲ್ಲೇ ಬರೆಯಿರಿ. ಹೊಸ ಮಾತು ಬಂದಾಗ ಹಳೆಯ ಸಾಲು ಬದುಕಿದೆಯೋ ಸತ್ತಿದೆಯೋ ಬಾಯಿಬಿಟ್ಟು ಹೇಳಿ. ನೀವು ಮಾಡುವುದಿಲ್ಲವೆಂದು ಗೊತ್ತು. ಮಾಡಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ನಾಳೆ ನೀಲವ್ವನ ಮಗಳು ಹೊನ್ನವ್ವ ಅದೇ ಏಣಿಪಟ ಹಿಡಿದು ಮೊದಲ ಸಲ ಏರುತ್ತಾಳೆ. ಬೇಡವೆಂದು ಅತ್ತು ನೋಡಿದೆ, ಕೇಳಲಿಲ್ಲ. ಕೊನೆಗೆ ಅವಳ ಕೈಹಿಡಿದು ಒಂದೇ ಮಾತು ಹೇಳಿದೆ: ‘ಎಷ್ಟ್ ಸಲ ಬೇಕಾದ್ರೂ ಕೇಳವ್ವಾ. ಭಜಿ ನಾ ಕೊಡಸ್ತೀನಿ.’

ಅವಳು ನಕ್ಕಳು. ಭಜಿ ಅಂಗಡಿಯವರಿಗೆ ನಾಳೆಗೆ ಹಿಟ್ಟು ಕಲಸಿಡಲು ಹೇಳಿದ್ದೇನೆ.

ಸಾವಂತ್ರವ್ವ